ಕ್ಲೀನರ್ ಸೀಟಿನಲ್ಲಿ ಅಪ್ಪ

ಬ್ಯಾಡಗಿ ಮಾರ್ಕೆಟ್‌ನಲ್ಲಿ ಲೋಡ್ ತುಂಬಿಸಿಕೊಂಡವರಿಗೆ ಗೊತ್ತು, ಅಲ್ಲಿ ಅಳೋದಕ್ಕೆ ಕಾರಣ ಬೇಕಿಲ್ಲ. ಗಾಳಿಯೇ ಘಾಟು. ಹಮಾಲರು ಮುಖಕ್ಕೆ ಟವೆಲ್ ಸುತ್ತಿಕೊಂಡು ಚೀಲ ಎತ್ತುತ್ತಿರುತ್ತಾರೆ, ಒಬ್ಬರು ಸೀನಿದರೆ ಸಾಲಾಗಿ ಎಲ್ಲರೂ ಸೀನುತ್ತಾರೆ. ಹೋದ ವರ್ಷ ಫೆಬ್ರವರಿಯಲ್ಲಿ ನಾನು ಮೊದಲ ಸಲ ಡ್ರೈವರ್ ಅಂತ ಅಲ್ಲಿ ನಿಂತಾಗ ನನ್ನ ಕಣ್ಣಲ್ಲೂ ನೀರು. ವಯಸ್ಸಾದ ಹಮಾಲ ಒಬ್ಬರು ನೋಡಿ, "ಯಾಕವ್ವಾ ಅಳಾಕತ್ತಿ, ಅಂಜಿಕಿ ಬಂತೇನು?" ಅಂದರು. "ಇಲ್ಲ ಕಾಕಾ, ಮೆಣಸಿನಕಾಯಿ" ಅಂದೆ. ನಿಜ ಹೇಳಬೇಕಂದ್ರೆ ಎರಡೂ ಇತ್ತು.

ಗಾಡಿ ಅಪ್ಪನದೇ, ಆರು ಚಕ್ರದ್ದು. ಲೋಡು ಸೇರಿ 18.5 ಟನ್‌ವರೆಗೆ ಓಡಿಸಬಹುದಾದ ಗಾಡಿ. 2018ಕ್ಕೂ ಮುಂಚೆ ಇದೇ ಸೈಜಿನ ಗಾಡಿಗೆ 16.2 ಟನ್ ಇತ್ತು, ಆಮೇಲೆ ಸರ್ಕಾರ ಜಾಸ್ತಿ ಮಾಡಿತು. ಆದರೆ ಒಣ ಮೆಣಸಿನಕಾಯಿಗೆ ಈ ಲೆಕ್ಕವೆಲ್ಲ ಬೇಕಾಗುವುದೇ ಇಲ್ಲ. ತೂಕ ಕಡಿಮೆ, ಎತ್ತರ ಜಾಸ್ತಿ. ತಿರುವಿನಲ್ಲಿ ಗಾಡಿ ಒಂದು ಕಡೆ ವಾಲುತ್ತದೆ, ಹಿಂದೆ ಯಾರೋ ಜೋರಾಗಿ ಜಗ್ಗಿದ ಹಾಗೆ. ಹೊರಟು ಇಪ್ಪತ್ತು ಮೂವತ್ತು ಕಿಲೋಮೀಟರ್ ಆಗೋದ್ರೊಳಗೆ ಚೀಲಗಳು ಕುಸಿದು ಹಗ್ಗ ಸಡಿಲ ಆಗುತ್ತದೆ, ಇಳಿದು ಮತ್ತೆ ಬಿಗಿಯಬೇಕು. ಈ ವಿಷಯ ಯಾವ ಡ್ರೈವಿಂಗ್ ಸ್ಕೂಲಿನವರೂ ಹೇಳಿಕೊಟ್ಟಿರಲಿಲ್ಲ. ಹೇಳಿದ್ದು ಅಪ್ಪ. ಅವತ್ತು ಅಪ್ಪ ಕೂತಿದ್ದು ಎಡಗಡೆ, ಕ್ಲೀನರ್ ಸೀಟಿನಲ್ಲಿ.

ಇವತ್ತು ಆ ಸೀಟಿನ ಬಗ್ಗೆಯೇ ಬರೀಬೇಕು ಅಂತ ಕೂತೆ.

ಹೆಂಗಸರು ಲಾರಿ ಓಡಿಸೋ ವಿಷಯ ಬಂದರೆ ಜನ ತಕ್ಷಣ ಕೇಳೋದು "ಅಷ್ಟು ದೊಡ್ಡ ಗಾಡಿ, ಕೈಯಲ್ಲಿ ಆಗುತ್ತಾ?" ಅಂತ. ಆಗುತ್ತೆ. ಪವರ್ ಸ್ಟಿಯರಿಂಗ್ ಬಂದು ಎಷ್ಟೋ ವರ್ಷ ಆಯ್ತು. ಟೈರ್ ಬದಲಾಯಿಸೋದು ಕಷ್ಟ, ಒಪ್ಪಿಕೊಳ್ತೀನಿ, ಆದರೆ ಗಂಡಸರೂ ಆದಷ್ಟು ಪಂಕ್ಚರ್ ಅಂಗಡಿಯವನನ್ನೇ ಕರೆಸುತ್ತಾರೆ, ಮೀಸೆ ಇದ್ದ ಮಾತ್ರಕ್ಕೆ ಯಾರೂ ಲಾರಿ ಟೈರನ್ನು ಆಟಿಕೆ ಥರ ಎತ್ತೋದಿಲ್ಲ. ತಕರಾರು ಇರೋದು ತೋಳಿನಲ್ಲಲ್ಲ. ನಮ್ಮ ದೇಶದಲ್ಲಿ ಲಾರಿ ಡ್ರೈವರ್ ಆಗೋದು ಹೇಗೆ ಅಂತ ಯೋಚನೆ ಮಾಡಿ. ಹದಿನೇಳು ಹದಿನೆಂಟರ ಹುಡುಗ ಕ್ಲೀನರ್ ಆಗಿ ಹತ್ತುತ್ತಾನೆ. ಗಾಡಿ ತೊಳೀತಾನೆ, ಗಾಜು ಒರೆಸ್ತಾನೆ, ರಿವರ್ಸ್ ತೆಗೆಯುವಾಗ ಹಿಂದೆ ನಿಂತು "ಬರ್ಲಿ ಬರ್ಲಿ" ಅಂತ ಕೂಗ್ತಾನೆ, ಬೈಗುಳ ತಿಂತಾನೆ. ರಾತ್ರಿ ಖಾಲಿ ರೋಡಲ್ಲಿ ಡ್ರೈವರ್ ಅಣ್ಣನಿಗೆ ಮನಸ್ಸು ಬಂದಾಗ ಹತ್ತು ಕಿಲೋಮೀಟರ್ ಸ್ಟಿಯರಿಂಗ್ ಕೊಡ್ತಾನೆ. ಎರಡು ಮೂರು ವರ್ಷ ಹೀಗೇ ನಡೆಯುತ್ತೆ. ಇದೇ ನಮ್ಮ ಲಾರಿ ಕಾಲೇಜು. ಫೀಸಿಲ್ಲ, ಸರ್ಟಿಫಿಕೇಟಿಲ್ಲ. ಆದರೆ ಯಾರ ಮನೆಯವರು ತಮ್ಮ ಮಗಳನ್ನು ಗೊತ್ತಿಲ್ಲದ ಡ್ರೈವರ್ ಜೊತೆ ವಾರಗಟ್ಟಲೆ ಕ್ಯಾಬಿನ್‌ನಲ್ಲಿ ಕಳಿಸ್ತಾರೆ ಹೇಳಿ? ನಾನೂ ಕಳಿಸಲ್ಲ.

ಹಾಗಾಗಿ ನೋಡಿ, ಈ ಕೆಲಸದಲ್ಲಿ ಹೆಸರಾದ ಹೆಂಗಸರೆಲ್ಲ ಬಂದಿರೋದು ಮನೆಯೊಳಗಿನ ಬಾಗಿಲಿನಿಂದ. ಭೋಪಾಲದ ಯೋಗಿತಾ ರಘುವಂಶಿ ಕಾನೂನು ಓದಿದವರು, ಗಂಡ ತೀರಿಕೊಂಡ ಮೇಲೆ ಅವರ ಲಾರಿ ವ್ಯವಹಾರ ನಿಭಾಯಿಸೋಕೆ ಹೋಗಿ ಸ್ಟಿಯರಿಂಗ್ ಹಿಡಿದರು. ಕೊಚ್ಚಿಯ ರಾಧಾಮಣಿ ಅಮ್ಮ 1980ರ ದಶಕದಲ್ಲೇ ಹೆವಿ ಲೈಸೆನ್ಸ್, ಅಂದ್ರೆ ಲಾರಿ ಬಸ್ಸಿನಂಥ ದೊಡ್ಡ ಗಾಡಿ ಓಡಿಸೋ ಲೈಸೆನ್ಸ್ ತಗೊಂಡವರು, ಅವರ ಗಂಡನದು ಡ್ರೈವಿಂಗ್ ಸ್ಕೂಲು. ತ್ರಿಶ್ಶೂರಿನ ಡೆಲಿಷಾ ಡೇವಿಸ್ ಎಂ.ಕಾಂ. ಓದ್ತಾ ಪೆಟ್ರೋಲ್ ಟ್ಯಾಂಕರ್ ಓಡಿಸ್ತಾರೆ ಅಂತ 2021ರಲ್ಲಿ ದೊಡ್ಡ ಸುದ್ದಿ ಆಯ್ತಲ್ವಾ, ಅವರ ಅಪ್ಪ ಟ್ಯಾಂಕರ್ ಡ್ರೈವರ್. ಸುದ್ದಿಯಲ್ಲಿ ಧೈರ್ಯದ ಬಗ್ಗೆ ಬರೀತಾರೆ. ಧೈರ್ಯ ಖಂಡಿತ ಇದೆ. ಆದರೆ ಕಲಿಯೋಕೆ ಒಂದು ಗಾಡಿ, ಪಕ್ಕದಲ್ಲಿ ನಂಬಿಕೆಯ ಒಬ್ಬ ಮನುಷ್ಯ, ಇವೆರಡೂ ಅವರ ಮನೇಲೇ ಇದ್ದವು ಅನ್ನೋದನ್ನ ಯಾಕೋ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ.

ನಮ್ಮ ಮನೇಲೂ ಗಾಡಿ ಇತ್ತು. ಆದರೆ ಬೇಸಿಗೆ ರಜೆಯಲ್ಲಿ ಕ್ಲೀನರ್ ಸೀಟು ಸಿಗ್ತಾ ಇದ್ದದ್ದು ನನ್ನ ತಮ್ಮನಿಗೆ. ಅವನು ಘಾಟಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡು, ಮೂರನೇ ರಜೆಗೆ "ನಾ ಒಲ್ಲೆ" ಅಂತ ಹಟ ಹಿಡಿದು ಕೂತ. ಈಗ ಬೆಂಗಳೂರಲ್ಲಿ ಏಸಿ ಆಫೀಸಲ್ಲಿದ್ದಾನೆ. ನನ್ನನ್ನ ಯಾರೂ ಕೇಳಲೇ ಇಲ್ಲ. ಅಪ್ಪನ ಮೇಲೆ ಸಿಟ್ಟಿಲ್ಲ, ಅವರಿಗೆ ಅದು ಹೊಳೆದೇ ಇರಲಿಲ್ಲ ಅಷ್ಟೆ. ಅವ್ವನಿಗೂ ಹೊಳೆದಿರಲಿಲ್ಲ. ನನಗೇ ಹೊಳೆದಿರಲಿಲ್ಲ ಅಂದ್ರೆ ನೋಡಿ.

ನಾನು ಗೇರು ಹಾಕಿ ಕಲಿತಿದ್ದು ಪಂಚಾಯ್ತಿ ಕಸದ ಗಾಡಿಯಲ್ಲಿ. ನಗಬೇಡಿ. ಗ್ರಾಮ ಪಂಚಾಯ್ತಿಗಳ ಸ್ವಚ್ಛವಾಹಿನಿ ಗಾಡಿಗಳಿಗೆ ಸ್ತ್ರೀಶಕ್ತಿ, ಸಂಜೀವಿನಿ ಸಂಘದ ಹೆಂಗಸರನ್ನೇ ಡ್ರೈವರ್ ಮಾಡೋಕೆ ಶುರು ಮಾಡಿದ್ದು ಕರ್ನಾಟಕದಲ್ಲಿ ಯಾರೂ ಜಾಸ್ತಿ ಮಾತಾಡದ ಒಂದು ದೊಡ್ಡ ಸಂಗತಿ. ನಮ್ಮ ಸಂಘದಿಂದ ನಾವು ಮೂವರು ಹೋದೆವು. ಸರ್ಕಾರದ ತರಬೇತಿ ಕೇಂದ್ರದಲ್ಲಿ ಒಂದು ತಿಂಗಳು, ಊಟ ವಸತಿ ಅವರದೇ, ನಮ್ಮ ಕೈಯಿಂದ ಒಂದು ರೂಪಾಯಿ ಹೋಗಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಆರೂವರೆಗೆ ಗಾಡಿ ಸ್ಟಾರ್ಟ್. ಓಣಿಗಳು ಅಷ್ಟಷ್ಟೇ ಅಗಲ, ಎದುರಿಗೆ ಎಮ್ಮೆ, ಹಿಂದೆ ಟ್ರ್ಯಾಕ್ಟರು, ಪಕ್ಕದಲ್ಲಿ ಚರಂಡಿ. ರಿವರ್ಸ್ ಅನ್ನೋದು ಅಲ್ಲಿ ಕಲಿತ ಹಾಗೆ ಇನ್ನೆಲ್ಲೂ ಕಲಿಯೋಕಾಗಲ್ಲ. ಹೆವಿ ಟೆಸ್ಟ್ ದಿನ ಇನ್ಸ್‌ಪೆಕ್ಟರ್ ಸಾಹೇಬರು "ಎಲ್ಲಿ ಕಲ್ತಿದ್ದಮ್ಮಾ ರಿವರ್ಸು?" ಅಂತ ಕೇಳಿದ್ರು. "ಕಸದ ಗಾಡೀಲಿ ಸರ್" ಅಂದೆ. ಅವರು ನಕ್ಕರು. ಪಾಸ್ ಮಾಡಿದರು.

ಹೊಸದಾಗಿ ಬರೋರಿಗೆ ಲೈಸೆನ್ಸಿನ ಲೆಕ್ಕ ಬೇಗ ಹೇಳ್ತೀನಿ, ಮೆಸೇಜಲ್ಲಿ ಕೇಳೋರು ಜಾಸ್ತಿ ಆಗಿದ್ದಾರೆ. ಮೊದಲು ಎಲ್‌ಎಂವಿ, ಅಂದ್ರೆ ಕಾರಿನ ಲೈಸೆನ್ಸು. ಅದಾಗಿ ಒಂದು ವರ್ಷ ಕಳೀಬೇಕು, ವಯಸ್ಸು 20 ತುಂಬಿರಬೇಕು, ಆಗ ಹೆವಿ ಎಲ್‌ಎಲ್‌ಗೆ, ಅಂದ್ರೆ ಕಲಿಯೋರ ಲೈಸೆನ್ಸಿಗೆ, ಹಾಕಬಹುದು. ಡ್ರೈವಿಂಗ್ ಸ್ಕೂಲಿಂದ ಫಾರ್ಮ್ 5, ಅಂದ್ರೆ ತರಬೇತಿ ಮುಗಿಸಿದ ಸರ್ಟಿಫಿಕೇಟು, ಬೇಕೇ ಬೇಕು. ಮೊದಲು ಎಂಟನೇ ಕ್ಲಾಸ್ ಪಾಸಾಗಿರಬೇಕಿತ್ತು, 2019ರಲ್ಲಿ ಅದನ್ನ ತೆಗೆದರು, ಹಾಗಾಗಿ ಓದಿಲ್ಲ ಅಂತ ಹಿಂಜರೀಬೇಡಿ. ಹೆವಿ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ರಿನೀವಲ್ ಮಾಡಿಸ್ತಾ ಇರಬೇಕು. ಇನ್ನೊಂದು ವಿಷಯ, ಗಾಡಿ ತೂಕ ಲೋಡು ಎರಡೂ ಸೇರಿ 7,500 ಕಿಲೋದೊಳಗಿನ ಗೂಡ್ಸ್ ಗಾಡಿ ಓಡಿಸೋಕೆ ಕಾರಿನ ಲೈಸೆನ್ಸೇ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ಜಡ್ಜ್‌ಗಳ ಪೀಠ ಹೇಳಿದೆ. ನನ್ನ ಕೇಳಿದರೆ ಹೆಂಗಸರಿಗೆ ಇದು ದೊಡ್ಡ ಬಾಗಿಲು. ಸಣ್ಣ ಗೂಡ್ಸ್ ಗಾಡೀಲಿ ತರಕಾರಿ, ಸಿಮೆಂಟು, ಗ್ಯಾಸ್ ಸ್ಟೋವು ಏನಾದರೂ ಹಾಕ್ಕೊಂಡು ಒಂದೆರಡು ವರ್ಷ ಓಡಿಸಿ, ರಾತ್ರಿ ಮನೆಗೆ ಬನ್ನಿ, ಆಮೇಲೆ ದೊಡ್ಡದಕ್ಕೆ ಹತ್ತಿ. ಕ್ಲೀನರ್ ಸೀಟು ಸಿಗದವರಿಗೆ ಇದೇ ಕ್ಲೀನರ್ ಸೀಟು.

ಹೆವಿ ಕಲಿಯೋಕೆ ನಾನು ಸೇರಿದ ಡ್ರೈವಿಂಗ್ ಸ್ಕೂಲಿನ ಕಥೆ ಮಾತ್ರ ಬೇಡ ಅನ್ನೋ ಹಾಗಿದೆ. ಹೆಸರು ಹೇಳಲ್ಲ. ದುಡ್ಡು ಕಟ್ಟಿಸಿಕೊಂಡ ಮೇಲೆ "ಮನೆಯವರನ್ನ ಕರ್ಕೊಂಡು ಬನ್ನಿ" ಅಂದ್ರು. ನಾನು ಅವ್ವನನ್ನ ಕರ್ಕೊಂಡು ಹೋದೆ. "ಅವರಲ್ಲ, ಯಜಮಾನ್ರು" ಅಂದ್ರು. ಇವಳ ಯಜಮಾನ್ರು ಬಿಟ್ಟು ಹೋಗಿ ಆರು ವರ್ಷ ಆಗಿದೆ, ಸಿಕ್ಕಿದ್ರೆ ನೀವೇ ಕರ್ಕೊಂಡು ಬನ್ನಿ, ನನಗೂ ಕೆಲಸ ಇದೆ ಅವರ ಹತ್ರ ಅಂತ ಅವ್ವ ಜೋರಾಗೇ ಹೇಳಿದಳು. ಆಮೇಲೆ ಯಾರೂ ಏನೂ ಕೇಳಲಿಲ್ಲ. ದಿನಕ್ಕೆ ಅರ್ಧ ಗಂಟೆ ಅಂತ ಹೇಳಿ ಕೊಟ್ಟಿದ್ದು ಹತ್ತು ನಿಮಿಷ. ಗಾಡಿ ಅಪ್ಪನಿಗಿಂತ ಹಳೇದು.

ಆಮೇಲೆ ಅಪ್ಪನ ಕಣ್ಣಿಗೆ ಪೊರೆ ಬಂತು, ಸಕ್ಕರೆ ಕಾಯಿಲೆಯೂ ಸೇರಿಕೊಂಡಿತು, ರಾತ್ರಿ ಎದುರಿನ ಲೈಟು ಒಡೆದು ಹತ್ತು ಲೈಟಾಗಿ ಕಾಣ್ತಿದೆ ಅಂದರು. ಸಂಬಳದ ಡ್ರೈವರ್ ಇಟ್ಟೆವು. ಮೂರು ತಿಂಗಳಲ್ಲಿ ಡೀಸೆಲ್ ಲೆಕ್ಕ ಒಂದು ಸಲವೂ ಸರಿ ಬರಲಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ "ನಾ ಹೊಡೀತೀನಪ್ಪಾ" ಅಂದೆ. ಅಪ್ಪ ರೊಟ್ಟಿ ಮುರಿಯೋದು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹಂಗಾರ ನಾ ಕ್ಲೀನರ್ ಬರ್ತೀನಿ" ಅಂದರು.

ಬ್ಯಾಡಗಿಯಿಂದ ಆ ಮೊದಲ ಲೋಡು ಕೊಚ್ಚಿ ಕಡೆಗೆ. ನಮ್ಮ ಮೆಣಸಿನಕಾಯಿಯಿಂದ ಬಣ್ಣ ತೆಗೀತಾರಲ್ಲ, ಆ ಫ್ಯಾಕ್ಟರಿಗೆ. ಲಿಪ್‌ಸ್ಟಿಕ್‌ಗೂ ಹೋಗುತ್ತಂತೆ. ಹುಬ್ಬಳ್ಳಿ, ಯಲ್ಲಾಪುರ, ಅಲ್ಲಿಂದ ಅರಬೈಲ್ ಘಾಟ್ ಇಳಿದು ಅಂಕೋಲಾ, ಮುಂದೆ ಸಮುದ್ರದ ಪಕ್ಕದ ಹೈವೇ. ಘಾಟ್ ಶುರುವಾಗೋ ಮುಂಚೆ ಅಪ್ಪ ಗಾಡಿ ನಿಲ್ಲಿಸು ಅಂದರು. ಇಳಿದು ಎಲ್ಲಾ ಟೈರಿಗೂ ರಾಡ್‌ನಿಂದ ತಟ್ಟಿದರು. ಹಿಂದಿನ ಚಕ್ರ ಜೋಡಿ ಇರುತ್ತಲ್ಲ, ಒಳಗಿನ ಟೈರಿನ ಗಾಳಿ ಹೋದರೂ ಹೊರಗಿನದು ಭಾರ ಹೊತ್ತುಕೊಂಡು ನಿಂತಿರುತ್ತೆ, ಕಣ್ಣಿಗೆ ಗೊತ್ತೇ ಆಗಲ್ಲ. ಕಿವಿಗೆ ಮಾತ್ರ ಗೊತ್ತಾಗೋದು. ಗಾಳಿ ತುಂಬಿದ್ದರೆ ರಾಡು ಪುಟಿದು ವಾಪಸ್ ಬರುತ್ತೆ, ಟಣ್ ಅನ್ನುತ್ತೆ. ಇಲ್ಲದಿದ್ದರೆ ದಬ್. ಹಾಸಿಗೆಗೆ ಹೊಡೆದ ಹಾಗೆ.

ಇಳಿಜಾರಿನಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು, "ಹತ್ತೋ ಗೇರಿನಾಗ ಇಳಿ." ಘಾಟ್ ಹತ್ತೋಕೆ ಸೆಕೆಂಡ್ ಗೇರ್ ಬೇಕಾದರೆ ಇಳಿಯೋಕೂ ಸೆಕೆಂಡೇ. ಬ್ರೇಕ್ ಒತ್ತಿ ಒತ್ತಿ ಇಳಿದರೆ ಡ್ರಮ್ ಕಾಯುತ್ತೆ, ಕಾದ ಬ್ರೇಕ್ ಹಿಡಿಯಲ್ಲ, ಪದೇ ಪದೇ ಒತ್ತಿದರೆ ಟ್ಯಾಂಕಲ್ಲಿರೋ ಏರ್ ಕೂಡ ಇಳಿಯುತ್ತೆ. ಎಂಜಿನ್ನೇ ಗಾಡಿಯನ್ನ ಹಿಡ್ಕೊಬೇಕು. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ನಲ್ಲಿ ಬಿಡೋರನ್ನ ಅಪ್ಪ ಎಷ್ಟು ಬೈತಿದ್ದರು ಅಂದ್ರೆ ಇಲ್ಲಿ ಬರೆಯೋ ಹಾಗಿಲ್ಲ. ಹಿಂದೆ ಕಾರುಗಳು ಹಾರ್ನ್ ಮೇಲೆ ಹಾರ್ನ್. ನನ್ನ ಕಾಲು ಬ್ರೇಕಿನ ಮೇಲೆ ಹೋದಾಗೆಲ್ಲ ಅಪ್ಪ ಕೆಮ್ಮುತ್ತಿದ್ದರು. ಬೈಯಲಿಲ್ಲ. ಬರೀ ಕೆಮ್ಮು. ಕೆಳಗೆ ಬಂದಾಗ ನನ್ನ ಬೆನ್ನು ಪೂರ್ತಿ ಒದ್ದೆ. ಅಪ್ಪ ಕಿಟಕಿಯಿಂದ ಎಲೆ ಅಡಿಕೆ ಉಗುಳಿ, "ನಿನ್ನ ತಮ್ಮಗ ಫೋನ್ ಹಚ್ಚು" ಅಂದರು.

ಗಾಡಿ ಓಡಿಸೋ ಭಾಗ ಇಷ್ಟೇ. ಉಳಿದದ್ದು ಗಾಡಿ ನಿಂತಾಗ.

ಬಸ್ ಡ್ರೈವರ್‌ಗೆ ಡಿಪೋ ಇದೆ. ತಮಿಳುನಾಡಿನಲ್ಲಿ ವಸಂತಕುಮಾರಿ ಅನ್ನೋರು 1993ರಲ್ಲೇ ಸರ್ಕಾರಿ ಬಸ್ಸಿನ ಡ್ರೈವರ್ ಆದರು. ಬಸ್ಸಿಗೆ ಟೈಮಿದೆ, ರೂಟಿದೆ. ಲಾರಿಗೆ ಏನೂ ಇಲ್ಲ. ಅನ್‌ಲೋಡ್ ಮಾಡೋಕೆ ಫ್ಯಾಕ್ಟರಿ ಗೇಟಲ್ಲಿ ಎರಡು ದಿನ ನಿಲ್ಲಿಸ್ತಾರೆ. ಇನ್ನೂರು ಗಂಡಸರು ಬಯಲಲ್ಲೇ ಎಲ್ಲಾ ಮುಗಿಸ್ತಾರೆ, ನಾನೆಲ್ಲಿ ಹೋಗಲಿ? ಪೆಟ್ರೋಲ್ ಬಂಕಲ್ಲಿ ಟಾಯ್ಲೆಟ್ ಜನರಿಗೆ ಫ್ರೀಯಾಗಿ ಇರಬೇಕು ಅನ್ನೋದು ನಿಯಮ. ಒಂದು ಬಂಕಲ್ಲಿ ಮುನ್ನೂರು ಲೀಟರ್ ಡೀಸೆಲ್ ಹಾಕಿಸಿ ಕೇಳಿದರೆ "ಕೀ ಸಾವ್ಕಾರ್ರ ಹತ್ರ ಐತಿ, ಅವ್ರು ಊರಿಗ್ ಹೋಗ್ಯಾರ" ಅಂದ ಹುಡುಗ. ಮೊದಲ ಆರು ತಿಂಗಳು ನೀರೇ ಕುಡಿಯದೆ ಓಡಿಸ್ತಿದ್ದೆ, ಉರಿಮೂತ್ರ ಬಂತು, ಡಾಕ್ಟರಮ್ಮ ಚೆನ್ನಾಗಿ ಬೈದರು. ಈಗ ನನ್ನ ಫೋನಲ್ಲಿ ಒಂದು ಪಟ್ಟಿ ಇದೆ. ಊರುಗಳದ್ದಲ್ಲ, ಬಚ್ಚಲುಗಳದ್ದು. ಯಾವ ಬಂಕಲ್ಲಿ ನೀರು ಬರುತ್ತೆ, ಯಾವ ಟೋಲ್ ಹತ್ರ ಬಾಗಿಲಿಗೆ ಚಿಲಕ ಇದೆ, ಎಲ್ಲಾ. ಯಲ್ಲಾಪುರದ ಈಚೆ ಒಂದು ಖಾನಾವಳಿ ನಡೆಸೋ ಅಕ್ಕ ಇದ್ದಾರೆ, ಮೊದಲ ಸಲ ನನ್ನನ್ನ ನೋಡಿ ಏನೂ ಕೇಳದೆ ಹಿಂದಿನ ಮನೆ ಬಾಗಿಲು ತೋರಿಸಿ "ಬಿಸಿನೀರು ಐತಿ, ಮೈ ತೊಳ್ಕೊಂಡ್ ಬಾ, ಆಮ್ಯಾಲ ಉಣ್ಣುವಂತಿ" ಅಂದರು. ನಾನು ಆ ದಾರೀಲಿ ಹೋದಾಗ ಬೇರೆಲ್ಲೂ ಊಟ ಮಾಡಲ್ಲ. ಅವರ ಬದನೆಕಾಯಿ ಪಲ್ಯ ಸುಮಾರಾಗಿದ್ದರೂ ಸರಿ.

2025ರಲ್ಲಿ ಹೊಸ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯ ಮಾಡಿದ್ದಾರೆ. ಗಂಡಸರಿಗೆ ಅದು ಸೆಕೆಯ ವಿಷಯ. ನನಗೆ ರಾತ್ರಿ ಗಾಜು ಪೂರ್ತಿ ಏರಿಸಿ ಮಲಗೋ ವಿಷಯ. ನಮ್ಮದು ಹಳೇ ಗಾಡಿ, ಏಸಿ ಇಲ್ಲ, ಹಾಗಾಗಿ ಬಂಕಿನ ಲೈಟ್ ಕೆಳಗೇ ಹಾಲ್ಟು, ಎರಡೂ ಬಾಗಿಲು ಲಾಕು, ಗಾಜು ಎರಡು ಬೆರಳಷ್ಟು ತೆಗೆದು. ಸೊಳ್ಳೆ ಬತ್ತಿ. ಬಾಗಿಲು ತಟ್ಟಿದವರು ಇದ್ದಾರೆ, ಒಂದೆರಡು ಸಲ. ಹಾರ್ನ್ ಒತ್ತಿ ಹಿಡಿದೆ, ಅಕ್ಕಪಕ್ಕದ ಡ್ರೈವರ್‌ಗಳೆಲ್ಲ ಎದ್ದು ಬಂದರು. ಒಳ್ಳೆಯವರೂ ಅವರೇ, ಕೆಟ್ಟವರೂ ಅವರಲ್ಲೇ.

ದುಡ್ಡು? ಟ್ರಿಪ್ ಇದ್ದರೆ ಇದೆ. ರಿಟರ್ನ್ ಲೋಡ್ ಸಿಗದೆ ಖಾಲಿ ಬಂದರೆ ಡೀಸೆಲ್ ಕೈಯಿಂದ. ಟ್ರಾನ್ಸ್‌ಪೋರ್ಟ್ ಆಫೀಸಿನವರು ಇವತ್ತಿಗೂ ಫೋನಲ್ಲಿ "ಡ್ರೈವರ್‌ಗೆ ಕೊಡಮ್ಮಾ" ಅಂತಾರೆ. ಕೊಡ್ತೀನಿ, ಒಂದು ಕೈಯಿಂದ ಇನ್ನೊಂದು ಕೈಗೆ.

ಈಗ ಅಪ್ಪ ಬರಲ್ಲ, ಕಾಲು ಊದುತ್ತೆ. ಪಕ್ಕದೂರಿನ ಕಸದ ಗಾಡಿ ಓಡಿಸೋ ಹುಡುಗಿ, ಇಪ್ಪತ್ತಮೂರು ವರ್ಷ, ಅವಳ ಎಲ್‌ಎಂವಿಗೆ ಹೋದ ತಿಂಗಳು ಒಂದು ವರ್ಷ ತುಂಬಿತು. ಅವರವ್ವ ನನ್ನ ಹತ್ರ ಬಂದು ಅರ್ಧ ಗಂಟೆ ಕೂತು, ಚಹಾ ಕುಡಿದು, ಹೊರಡೋವಾಗ ಬಾಗಿಲಲ್ಲಿ ನಿಂತು ಕೇಳಿದರು, "ನಿಮ್ಮ ಗಾಡ್ಯಾಗ ಕ್ಲೀನರ್ ಅದಾರೇನ್ರಿ ಅಕ್ಕಾರ?" ಹೋದ ಗುರುವಾರ ರಾಣೆಬೆನ್ನೂರಿನಿಂದ ಮೆಕ್ಕೆಜೋಳದ ಲೋಡು, ಅವಳ ಮೊದಲ ಟ್ರಿಪ್ಪು. ರಾಡ್ ಕೈಗೆ ಕೊಟ್ಟೆ. ಮುಂದಿನ ಎರಡು ತಟ್ಟಿದಳು, ಹಿಂದೆ ಹೋದಳು, ಬಗ್ಗಿ ಒಳಗಿನ ಟೈರಿಗೆ ಮೂರು ಸಲ ತಟ್ಟಿ, ಕಿವಿ ಕೊಟ್ಟು, ಮತ್ತೊಮ್ಮೆ ತಟ್ಟಿದಳು.

"ಅಕ್ಕಾ, ಇದು ದಬ್ ಅನ್ನಾಕತ್ತೈತಿ."

ಪಂಕ್ಚರ್ ಹಾಕಿಸಿ ಹೊರಡೋವಾಗ ಒಂದೂವರೆ ಗಂಟೆ ಲೇಟ್.