ಕ್ಯೂ ಇಲ್ಲದ ಕಟ್ಟಡಗಳು: ಹನ್ನೆರಡನೇ ಭಾನುವಾರ

ಮೊದಲು ಲೆಕ್ಕ ಬರೆದುಬಿಡುತ್ತೇನೆ. ಬಾರ್ಸಿಲೋನಾ ಮತ್ತು ಸುತ್ತಲಿನ ಊರುಗಳಲ್ಲಿ ಸ್ಕೆಚ್ ಮಾಡಬೇಕು ಅಂತ ನಾನು ಮಾಡಿಕೊಂಡ ಪಟ್ಟಿಯಲ್ಲಿರುವ ಕಟ್ಟಡ 30. ಎದುರು ಕೂತು ಸ್ಕೆಚ್ ಮಾಡಿ ಮುಗಿಸಿದ್ದು 14. ಎರಡು ಅರ್ಧಕ್ಕೆ ನಿಂತಿವೆ.

ಬಾರ್ಸಿಲೋನಾದಲ್ಲಿ ಈ ಕೆಲಸ ಶುರು ಮಾಡಿದಾಗ ಹಾಕಿಕೊಂಡ ನಿಯಮ ಒಂದೇ. ಬಾಗಿಲಲ್ಲಿ ಟಿಕೆಟ್ಟಿಗೆ ಕ್ಯೂ ಇರುವ ಕಟ್ಟಡ ಬೇಡ. ವಾಸ್ತುಶಿಲ್ಪಿ ಆಂಟೊನಿ ಗೌಡಿಯವರ ಸಗ್ರಾದಾ ಫಮಿಲಿಯಾ ಚರ್ಚು, ಕಾಸಾ ಬಾಟ್ಲೋ ಮನೆ ಚೆನ್ನಾಗಿಲ್ಲ ಅಂತಲ್ಲ. ಅವನ್ನು ನೋಡಿಯೇ ನನಗೆ ಈ ಹುಚ್ಚು ಹಿಡಿದದ್ದು. ಆದರೆ 1880ರ ದಶಕದಿಂದ ಸುಮಾರು ಮೂರು ದಶಕ ಬಾರ್ಸಿಲೋನಾ ಇರುವ ಈ ಕತಲೋನಿಯಾ ಪ್ರಾಂತ್ಯದ ಊರೂರಲ್ಲಿ ಬಾಗು, ಬಣ್ಣ, ಕುಸುರಿ ತುಂಬಿದ ಇದೇ ಶೈಲಿಯಲ್ಲಿ ಕಟ್ಟುತ್ತಿದ್ದರು. ಅದಕ್ಕೆ ಇಲ್ಲಿಯವರು ಕೊಟ್ಟ ಹೆಸರು ಮಾಡರ್ನಿಸ್ಮೆ. ಗೌಡಿ ಒಬ್ಬರದೇ ಹೆಸರು ಗೊತ್ತಿದ್ದರೆ ಉಳಿದವರ ಕೆಲಸ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ.

ಕಾಸಾ ಕೊಮಲಾತ್ ಚಿತ್ರವನ್ನು ಕಳೆದ ಸಲ ಅರ್ಧಕ್ಕೆ ಬಿಟ್ಟಿದ್ದೆ. ಶನಿವಾರ ಬೆಳಿಗ್ಗೆ ಅದನ್ನು ಮುಗಿಸಿದೆ. ಇದು ಸಾಲ್ವಡೋರ್ ವಲೇರಿ ಅವರ ಕೆಲಸ, 1911ರಲ್ಲಿ ಮುಗಿದದ್ದು. ಈ ಮನೆಗೆ ಎರಡು ಮುಖ. ದಿಯಾಗೊನಾಲ್ ರಸ್ತೆಯ ಕಡೆಗೆ ಕಲ್ಲಿನ ಮುಖ, ಎಡಬಲ ಸಮ, ಗಂಭೀರ. ಬ್ಲಾಕ್ ಸುತ್ತಿ ಕೊರ್ಸೆಗಾ ರಸ್ತೆಗೆ ಬಂದರೆ ಅದೇ ಮನೆ ಅಂತ ನಂಬಲು ಆಗುವುದಿಲ್ಲ. ಗೋಡೆ ಅಲೆಯ ಹಾಗೆ ಉಬ್ಬಿ ತಗ್ಗಿದೆ. ಮರದ ಪಟ್ಟಿ ಪರದೆಗಳ ಗ್ಯಾಲರಿಗಳು ಅದರ ಜೊತೆಗೇ ಬಳುಕುತ್ತವೆ. ಸುತ್ತ ಬಣ್ಣದ ಪಿಂಗಾಣಿ. ನನಗೆ ಮುಂದಿನದಕ್ಕಿಂತ ಈ ಹಿಂದಿನ ಮುಖವೇ ಜಾಸ್ತಿ ಇಷ್ಟ. ನಮ್ಮ ಕಡೆ ಮನೆಮಂದಿಯ ನಿಜವಾದ ಓಡಾಟ ಹಿತ್ತಿಲ ಬಾಗಿಲಲ್ಲೇ ಅಲ್ವಾ? ಇಲ್ಲಿ ಆ ಹಿತ್ತಿಲ ಕಡೆಗೇ ಬಣ್ಣವನ್ನೆಲ್ಲ ಸುರಿದಿದ್ದಾರೆ.

ಕಳೆದ ಸಲ ಅದನ್ನು ಬರೆಯಲಾಗದೆ ಎದ್ದದ್ದಕ್ಕೆ ಕಾರಣ ಈಗ ಗೊತ್ತಾಯಿತು. ಕಿಟಕಿಗಳಿಂದ ಶುರು ಮಾಡಿದ್ದೆ. ಈ ಸಲ ಮೊದಲು ಪ್ರತಿ ಮಹಡಿಯ ಉಬ್ಬನ್ನು ಒಂದೊಂದೇ ಗೆರೆಯಲ್ಲಿ ಎಳೆದೆ, ಕಿಟಕಿಗಳನ್ನು ಆಮೇಲೆ ಕೂರಿಸಿದೆ. ಎರಡು ಗಂಟೆಯಲ್ಲಿ ಮುಗಿಯಿತು.

ಸಂಜೆ ಗ್ರಾನ್ ವಿಯಾ ರಸ್ತೆಯ ಕಾಸಾ ಗೋಲ್ಫೆರಿಕ್ಸ್‌ಗೆ ಹೋದೆ. 1901ರದು, ಗೌಡಿಯವರ ಜೊತೆ ಕೆಲಸ ಮಾಡುತ್ತಿದ್ದ ಜುವಾನ್ ರುಬಿಯೋ ಕಟ್ಟಿದ್ದು. ಇದನ್ನು ಕೆಡವಲು ಹೊರಟಾಗ ಅಕ್ಕಪಕ್ಕದ ಜನ ಹೋರಾಡಿ ಉಳಿಸಿಕೊಂಡರು. ಈಗ ಬಡಾವಣೆಯವರ ಸಮುದಾಯ ಭವನ. ಸುಮ್ನೆ ಒಳಗೆ ನಡೆದು ಹೋಗಬಹುದು, ಯಾರೂ ತಡೆಯುವುದಿಲ್ಲ. ಸ್ಕೆಚ್ ಮಾಡುವಷ್ಟು ಬೆಳಕು ಇರಲಿಲ್ಲ, ಇನ್ನೊಮ್ಮೆ ಹೋಗಬೇಕು.

ಭಾನುವಾರ ತೆರಾಸ್ಸಾ. ಇದಕ್ಕಾಗಿ ಎರಡು ತಿಂಗಳಿಂದ ಕಾಯುತ್ತಿದ್ದೆ.

ಬಾರ್ಸಿಲೋನಾದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದಾರಿ. ಉಣ್ಣೆಯ ಮಿಲ್ಲುಗಳಿಂದ ಬೆಳೆದ ಊರು. ನಾನು ದಾವಣಗೆರೆಯವನು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರಿನಲ್ಲಿ, ಮಿಲ್ ಕೆಲಸಕ್ಕೆ ಹೋಗುತ್ತಿದ್ದ ಅಪ್ಪನ ಮನೆಯಲ್ಲಿ ಬೆಳೆದವನು. ಹಾಗಾಗಿ ಈ ಊರು ನನ್ನ ಪಟ್ಟಿಯಲ್ಲಿ ಬರೀ ಇನ್ನೊಂದು ಹೆಸರಲ್ಲ.

ಇಲ್ಲಿ ಲ್ಯುಯಿಸ್ ಮುಂಕುನಿಲ್ ಎಂಬ ವಾಸ್ತುಶಿಲ್ಪಿ ಇದ್ದರು. 1907-08ರಲ್ಲಿ ಅವರು ಆಯ್ಮೆರಿಕ್, ಅಮಾತ್ ಮತ್ತು ಜೊವೆರ್ ಎಂಬ ಕಂಪನಿಗೆ ಉಣ್ಣೆ ಮಿಲ್ ಕಟ್ಟಿಕೊಟ್ಟರು. ಈಗ ಅದು ವಿಜ್ಞಾನ ಮತ್ತು ತಂತ್ರಜ್ಞಾನದ ಮ್ಯೂಸಿಯಂ. ಒಳಗೆ ಕಾಲಿಟ್ಟ ಮೇಲೆ ತುಂಬಾ ಹೊತ್ತು ಚೀಲದಿಂದ ಪುಸ್ತಕವನ್ನೇ ತೆಗೆಯಲಿಲ್ಲ. ಒಂದೇ ಹಾಲ್, ಸುಮಾರು 11,000 ಚದರ ಮೀಟರ್. ಮೇಲೆ 161 ಇಟ್ಟಿಗೆ ಕಮಾನುಗಳು, ಸಾಲು ಸಾಲಾಗಿ. ಕೆಳಗೆ ಸಣ್ಣ ಕಬ್ಬಿಣದ ಕಂಬಗಳು. ಒಂದೊಂದು ಕಮಾನೂ ಒಂದು ಕಡೆಯಿಂದ ಬಾಗುತ್ತಾ ಮೇಲೇರಿ ಥಟ್ಟನೆ ನಿಲ್ಲುತ್ತದೆ. ನಿಂತ ಜಾಗದಲ್ಲಿ ಗಾಜು. ಗರಗಸದ ಹಲ್ಲನ್ನು ಯಾರೋ ಕೈಯಲ್ಲಿ ನೇವರಿಸಿ ಮೆದು ಮಾಡಿದ ಹಾಗಿದೆ.

ಗಾಜೆಲ್ಲ ಉತ್ತರಕ್ಕೆ. ನೇರ ಬಿಸಿಲು ಒಳಗೆ ಬರುವುದಿಲ್ಲ, ಬರೀ ಬೆಳಕು ಬರುತ್ತದೆ. ನೆರಳು ಅತ್ತಿತ್ತ ಸರಿಯದೆ ದಿನವಿಡೀ ಒಂದೇ ಸಮನಾಗಿರುತ್ತದೆ. ಎಳೆ ಕಡಿದದ್ದು ಕಾಣಬೇಕು, ಬಣ್ಣ ಸರಿಯಾಗಿ ತಿಳಿಯಬೇಕು ಅಂದರೆ ಇಂಥ ಬೆಳಕೇ ಬೇಕು.

ಈ ಕಮಾನು ಕಟ್ಟುವ ರೀತಿ ಕೇಳಿ. ತೆಳ್ಳಗಿನ ಇಟ್ಟಿಗೆಯನ್ನು ನಿಲ್ಲಿಸಿ ಜೋಡಿಸುವುದಿಲ್ಲ, ಬಿಲ್ಲೆಯ ಹಾಗೆ ಮಲಗಿಸಿ ಅಂಚಿಗೆ ಅಂಚು ಅಂಟಿಸುತ್ತಾರೆ. ಮೊದಲ ಪದರಕ್ಕೆ ಜಿಪ್ಸಂ ಗಾರೆ. ಅದು ಕ್ಷಣದಲ್ಲಿ ಗಟ್ಟಿಯಾಗುವುದರಿಂದ ಮೇಸ್ತ್ರಿ ಕೈ ಬಿಟ್ಟರೂ ಇಟ್ಟಿಗೆ ಗಾಳಿಯಲ್ಲೇ ನಿಲ್ಲುತ್ತದೆ. ಕೆಳಗೆ ಪೂರ್ತಿ ಸೆಂಟ್ರಿಂಗ್ ಬೇಡ. ಅದರ ಮೇಲೆ ಎರಡನೇ ಪದರ, ಕೆಳಗಿನ ಸಂದು ಮುಚ್ಚುವ ಹಾಗೆ. ಬೆಂಗಳೂರು, ಮೈಸೂರಿನ ಹಳೇ ಮನೆಗಳ ಮದ್ರಾಸ್ ತಾರಸಿಯಲ್ಲಿ ಇಟ್ಟಿಗೆಯ ಭಾರ ಮರದ ತೊಲೆಗಳ ಮೇಲೆ ಕೂರುತ್ತದೆ. ಇಲ್ಲಿ ತೊಲೆಯೇ ಇಲ್ಲ, ಬಾಗೇ ಭಾರ ಹೊರುತ್ತದೆ. ಅಷ್ಟು ದೊಡ್ಡ ಚಾವಣಿ ತಲೆಯ ಮೇಲಿದ್ದರೂ ಭಾರ ಅನ್ನಿಸಲಿಲ್ಲ. ಮಿಲ್ಲಿನ ಕೆಲಸಗಾರರ ತಲೆಯ ಮೇಲೆ ಇಷ್ಟು ಚೆಂದದ್ದನ್ನು ಕಟ್ಟಿದರಲ್ಲ ಅಂತ ಎದೆ ತುಂಬಿ ಬಂತು.

ಮಧ್ಯಾಹ್ನ ಅಪ್ಪನಿಗೆ ಫೋಟೋ ಕಳಿಸಿದೆ. ಹೆಸರು, ವರ್ಷ ಏನೂ ಬರೆದಿರಲಿಲ್ಲ. ಐದೇ ನಿಮಿಷಕ್ಕೆ ಫೋನ್ ಬಂತು. "ಗಾಜಿರೋ ಕಡೆ ಉತ್ತರ ಅಲ್ವೇನೋ?" ಅಂದರು. ಆಮೇಲೆ ಅರ್ಧ ಗಂಟೆ ನೂಲಿನ ಮಾತೇ ಆಡಿದರು. ರಿಟೈರ್ ಆದ ಮೇಲೆ ಅವರು ಮಿಲ್ ಬಗ್ಗೆ ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ.

ಅದೇ ಮುಂಕುನಿಲ್ ಅವರ ಮಾಸಿಯಾ ಫ್ರೇಯ್ಶಾ ಕೂಡ ನೋಡಿದೆ. ಪಾರ್ಕಿನ ನಡುವೆ ಬೆಳ್ಳಗೆ ಹೊಳೆಯುವ ಮನೆ, ಸುತ್ತ ಪ್ಯಾರಾಬೋಲಾ ಕಮಾನುಗಳ ಜಗಲಿ. ಇದೂ ಮೊದಲು ಕಾರ್ಖಾನೆಯಾಗಿತ್ತು, ಆಮೇಲೆ ಮಾಲೀಕರ ಮನೆಯಾಯಿತು. ಸುಂದರವಾಗಿದೆ, ಆದರೆ ಮಿಲ್ ನೋಡಿದ ಕಣ್ಣಿಗೆ ಅವತ್ತು ಬೇರೇನೂ ಹಿಡಿಸಲಿಲ್ಲ. ಒಂದು ಪುಟ್ಟ ಸ್ಕೆಚ್ ಮಾಡಿ ಎದ್ದೆ.

ಮನೆಗೆ ಬಂದು ಹೊಸ ಕೆಲಸ ಹಚ್ಚಿಕೊಂಡಿದ್ದೇನೆ. ಒಂದು ಕಮಾನಿನ ಮಾದರಿ ಮಾಡಬೇಕು. ಇಟ್ಟಿಗೆಯ ಬದಲು ಮೂರು ಸೆಂಟಿಮೀಟರಿನ ತೆಳು ಮಣ್ಣಿನ ಬಿಲ್ಲೆ, ಗಾರೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಸೋಮವಾರ ಏಳನೇ ಬಿಲ್ಲೆಗೆ ಬಿತ್ತು. ಬುಧವಾರ ಹನ್ನೊಂದನೆಯದಕ್ಕೆ. ಪ್ಲಾಸ್ಟರ್ ನೀರಾಗಿತ್ತು, ಅಂಚು ಹಿಡಿಯುವ ಮೊದಲೇ ಜಾರಿತು. ಬಿಲ್ಲೆಗಳನ್ನು ನೆನೆಸಿಟ್ಟು, ಗಟ್ಟಿಯಾಗಿ ಕಲಸಿ, ಒಂದು ಸಲಕ್ಕೆ ಎರಡೇ ಬಿಲ್ಲೆಗಾಗುವಷ್ಟು ತೆಗೆದುಕೊಂಡೆ. ನಿನ್ನೆ ರಾತ್ರಿ ಮೊದಲ ಪದರ ಈ ತುದಿಯಿಂದ ಆ ತುದಿಗೆ ಕೂಡಿತು. ಇನ್ನೂ ನಿಂತಿದೆ. ನಾಳೆ ಎರಡನೇ ಪದರ.

ಮುಂದಿನ ಭಾನುವಾರ ಸಾಂತ್ ಜುವಾನ್ ದೆಸ್ಪಿ. ಅಲ್ಲಿ ಜುಜೋಲ್ ಎಂಬ ವಾಸ್ತುಶಿಲ್ಪಿಯ ತೊರೆ ದೆ ಲಾ ಕ್ರೆವು ಎಂಬ ಮನೆ ಇದೆ, ಉರುಟು ಗೋಪುರಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿದ ಹಾಗೆ. ಊರವರು ಅದನ್ನು ಮೊಟ್ಟೆಗಳ ಗೋಪುರ ಅನ್ನುತ್ತಾರೆ. ಅಪ್ಪ ಅದರ ಫೋಟೋವನ್ನೂ ಕೇಳಿದ್ದಾರೆ.