ಟಾರ್ಪಾಲಿನ ಮಡಿಕೆಯಲ್ಲಿದ್ದ ಧೂಳು

"ಡಿಮ್ಯಾಂಡ್ ಇದೆ ಅಜ್ಜ, ರೇಟು ಏರತ್ತೆ. ನಾನೇನು ಮಾಡ್ಲಿ?"

ನಾಲ್ಕು ದಿನವಾಯಿತು, ಅಂಗಡಿಯವರ ಈ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಬಿರುಗಾಳಿ ಬಂದುಹೋದ ಮಾರನೇ ಬೆಳಿಗ್ಗೆ ಟಾರ್ಪಾಲಿಗೆ ಸಾಲು ನಿಂತಿದ್ದೆವು. ಬೆಲೆ ಮೂರು ಪಟ್ಟು ಎಂದು ಗೊತ್ತಾದ ಮೇಲೆ ನನ್ನ ಮುಂದಿದ್ದ ಅಜ್ಜ ಒದ್ದೆ ನೋಟುಗಳನ್ನು ಎರಡು ಸಲ ಎಣಿಸಿದರು, ಮತ್ತೆ ಮಡಚಿ ಜೇಬಿಗಿಟ್ಟುಕೊಂಡು ಸಾಲಿನಿಂದ ಆಚೆ ಹೋದರು. ಜಗಳ ಮಾಡಲಿಲ್ಲ. ಮುಂದಿನವನು ನಾನು, ದುಡ್ಡು ಕೊಟ್ಟು ತಗೊಂಡೆ. ಟಾರ್ಪಾಲಿನ ಮಡಿಕೆ ತುಂಬಾ ಧೂಳಿತ್ತು.

ಬೆಲೆ ಏರಿದರೆ ತಾನೇ ಹೊರಗಿನಿಂದ ಮಾಲು ಬರೋದು ಅಂತ ಗೆಳೆಯ ಹೇಳಿದ. ನಿಜ, ಒಪ್ಪುತ್ತೇನೆ. ಲಾರಿ ಬಾಡಿಗೆ ಕೊಟ್ಟು, ಸುತ್ತಿ ಬಳಸಿ ಹೊಸ ಮಾಲು ತಂದವರು ಜಾಸ್ತಿ ಕೇಳಿದರೆ ತಪ್ಪಲ್ಲ. ವಿಪತ್ತಿನ ಹೊತ್ತಲ್ಲಿ ಬೆಲೆ ವಿಪರೀತ ಏರಿಸೋದನ್ನು ತಡೆಯುವ ಅಮೆರಿಕದ ಫ್ಲಾರಿಡಾದ ಕಾನೂನಿನಲ್ಲೂ ಇದಕ್ಕೆ ಜಾಗ ಇದೆ. ತುರ್ತುಸ್ಥಿತಿಗೆ ಮೊದಲಿನ 30 ದಿನದ ಸರಾಸರಿ ಬೆಲೆ ನೋಡುತ್ತಾರೆ, ಖರ್ಚು ಏರಿದ್ದರಿಂದ ಬೆಲೆ ಏರಿದ್ದರೆ ಅದನ್ನು ಮಾಫಿ ಮಾಡುತ್ತಾರೆ. ಆದರೆ ನನ್ನ ಕೈಗೆ ಹತ್ತಿದ ಧೂಳು? ಅದು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿದ್ದಿದ್ದ ಮಾಲು, ಹಳೇ ರೇಟಿಗೆ ಕೊಂಡಿದ್ದು. ರಸ್ತೆ ಮೇಲೆ ಮರ ಬಿದ್ದಿತ್ತು, ಅವತ್ತು ಹತ್ತು ಪಟ್ಟು ಏರಿಸಿದ್ದರೂ ಇನ್ನೊಂದು ಟಾರ್ಪಾಲ್ ಬರುತ್ತಿರಲಿಲ್ಲ. ಅವತ್ತಿನ ಬೆಲೆ ಮಾಡಿದ್ದು ಒಂದೇ ಕೆಲಸ: ಯಾರ ಸೂರಿಗೆ ಹೊದಿಕೆ, ಯಾರಿಗಿಲ್ಲ ಅಂತ ಜೇಬು ನೋಡಿ ಆರಿಸಿತು.

ಹಳೇ ಬೆಲೆಗೇ ಕೊಟ್ಟಿದ್ದರೆ ಮೊದಲು ಬಂದವರೇ ಹತ್ತು ಹೊತ್ತುಕೊಂಡು ಹೋಗುತ್ತಿದ್ದರು ಅನ್ನೋದೂ ಸರಿ. ಅದಕ್ಕೆ ಮನೆಗೊಂದೇ ಅಂತ ಹೇಳಬಹುದಿತ್ತಲ್ವಾ? ಅಷ್ಟು ಹೇಳೋಕೆ ಅವರಿಗೆ ಏನು ಕಷ್ಟ ಇತ್ತು?

ಇದು ಬರೀ ನನ್ನೊಬ್ಬನ ಸಿಟ್ಟೂ ಅಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಕೆನಡಾದ ಜನರನ್ನು ಕೇಳಿ 1986ರಲ್ಲಿ ಪ್ರಕಟಿಸಿದ್ದರು: ಹಿಮ ಸುರಿದ ಮಾರನೇ ದಿನ 15 ಡಾಲರಿನ ಸಲಿಕೆಯನ್ನು ಅಂಗಡಿಯವರು 20ಕ್ಕೆ ಏರಿಸಿದರೆ ಸರಿಯಾ? 82% ಜನ ಅನ್ಯಾಯ ಅಂದರು. ಅಲ್ಲಿ ಏರಿದ್ದು ಮೂರನೇ ಒಂದು ಭಾಗ ಅಷ್ಟೇ.

ಅಂಗಡಿಯವರು ಕೆಟ್ಟವರೇನಲ್ಲ, ಸುಮ್ನೆ ಹೇಳುತ್ತಿಲ್ಲ, ಎಷ್ಟೋ ವರ್ಷದಿಂದ ನೋಡಿದ್ದೇನೆ. ಆದರೆ ರೇಟು ತಾನಾಗಿ ಏರಿದ ಹಾಗೆ ಮಾತಾಡಿದರಲ್ಲ, ಅದೇ ಚುಚ್ಚುತ್ತಿದೆ. ಏರಿಸಿದ್ದು ಅವರು.

ಅಜ್ಜನಿಗೆ ಎಷ್ಟು ಕಡಿಮೆ ಬಿತ್ತು ಅಂತ ನಾನೂ ಕೇಳಲಿಲ್ಲ. ಟಾರ್ಪಾಲ್ ಹಿಡಿದು ಹೊರಗೆ ಬರುವಷ್ಟರಲ್ಲಿ ಅವರು ರಸ್ತೆಯಲ್ಲಿ ಕಾಣಲಿಲ್ಲ.