ಶಲ್ಯನ ರಾಜೀನಾಮೆ

ಕರ್ಣನ ರಥ ಹೊಡೆಯುವುದು ಶಲ್ಯನಿಗೆ ಇಷ್ಟವಿರಲಿಲ್ಲ. ಶನಿವಾರ ಮಧ್ಯಾಹ್ನ ಮೂರೂವರೆಗೆ ಬನಶಂಕರಿಯ ಒಂದು ಮನೆಯ ಮೆಟ್ಟಿಲ ಮೇಲೆ ಕೂತು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಎಕ್ಸೆಲ್ ಶೀಟಿನ ಚೌಕಗಳಿಗೆ ಬಣ್ಣ ಹಚ್ಚುವುದು ನನಗೂ ಇಷ್ಟವಿರಲಿಲ್ಲ. ಮೇಲೆ ತಾರಸಿಯಲ್ಲಿ ಮದ್ದಳೆಗೆ ಶ್ರುತಿ ಸೇರಿಸುವ ಸದ್ದು ಕೇಳುತ್ತಿತ್ತು. ಇನ್ನೊಂದೂವರೆ ಗಂಟೆಯಲ್ಲಿ ‘ಕರ್ಣಪರ್ವ’ ತಾಳಮದ್ದಳೆ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಶಲ್ಯ ನಾನೇ. ಜನ್ಮದಲ್ಲಿ ಮೊದಲ ಸಲ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಿರುವ ಪಾತ್ರ ಸಿಕ್ಕಿತ್ತು. ಆಫೀಸಿನಿಂದ ‘ನಾಲ್ಕರೊಳಗೆ ಕಳಿಸಿ’ ಎಂಬ ಮೆಸೇಜೂ ಸಿಕ್ಕಿತ್ತು.

ನನ್ನ ಕೆಲಸ ಏನು ಅಂತ ಅಮ್ಮನಿಗೆ ಒಂಬತ್ತು ವರ್ಷದಿಂದ ವಿವರಿಸುತ್ತಿದ್ದೆ. ಒಂದು ದಿನ ಅವಳೇ ಹೇಳಿದಳು: “ಅಂದ್ರೆ ಬೇರೆಯೋರು ಮಾಡಿದ ಕೆಲಸಾನ ನೀನು ಎಣಿಸ್ತೀಯ.” ಅಷ್ಟೇ. ಎಣಿಸಿ, ಚೆನ್ನಾಗಿ ನಡೆದಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು ಹಚ್ಚಿ ವಾರಕ್ಕೊಮ್ಮೆ ಕಳಿಸುತ್ತೇನೆ. ಕಳೆದ ವರ್ಷ ಅವಸರದಲ್ಲಿ ಒಂದು ಕಾಲಂ ಎರಡು ಸಲ ಅಂಟಿಸಿ ಕಳಿಸಿಬಿಟ್ಟೆ. ಯಾರಾದರೂ ಕೇಳಲಿ, ಆಮೇಲೆ ಸರಿ ಮಾಡೋಣ ಅಂತ ಬಿಟ್ಟೆ. ಹನ್ನೊಂದು ವಾರ ಯಾರೂ ಕೇಳಲಿಲ್ಲ. ಹನ್ನೆರಡನೇ ವಾರ ನಾನೇ ತೆಗೆದುಹಾಕಿದೆ. ಅದನ್ನೂ ಯಾರೂ ಗಮನಿಸಲಿಲ್ಲ.

ಬೈಯುವವರಿಲ್ಲ, ಸಂಬಳ ಒಂದನೇ ತಾರೀಕು ತಪ್ಪದೆ ಬರುತ್ತದೆ. ಮನೆ ಸಾಲ ಇನ್ನೂ ಹದಿನಾಲ್ಕು ವರ್ಷವಿದೆ. ದೂರು ಹೇಳಿಕೊಳ್ಳಲಿಕ್ಕೂ ನಾಚಿಕೆಯಾಗುವಂಥ ಕೆಲಸ. ಬೆಳಗ್ಗೆ ಹೋದ ನಾನೇ ಸಂಜೆ ವಾಪಸ್ ಬಂದಿದ್ದೇನೆಯೇ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ, ಅಷ್ಟೇ.

ತಾಳಮದ್ದಳೆಯ ಗಾಳಿ ಬೀಸಿದ್ದು ಕೆಳಗಿನ ಮನೆಯಿಂದ. ಒಂದು ಭಾನುವಾರ ಬೆಳಗ್ಗೆ ಕೆಳಗೆ ಇಬ್ಬರು ಗಂಡಸರು ಜೋರಾಗಿ ವಾದ ಮಾಡುತ್ತಿದ್ದರು. ಆಸ್ತಿ ಜಗಳವಿರಬೇಕು ಅಂತ ಬಾಲ್ಕನಿಯಿಂದ ಬಗ್ಗಿ ನೋಡಿದರೆ, ಔಷಧ ಕಂಪನಿಯ ರೆಪ್ ಆಗಿರುವ ನಮ್ಮ ಕೆಳಮನೆಯವರು ಒಬ್ಬರೇ ಸ್ಕೂಟರ್ ತೊಳೆಯುತ್ತಿದ್ದಾರೆ. ಜಗಳ ಫೋನಿನೊಳಗೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ನೀನೆಂಥ ಕ್ಷತ್ರಿಯ ಎಂದು ವಾಲಿ ರಾಮನನ್ನು ಹಿಡಿದು ನಿಲ್ಲಿಸಿದ್ದ. ರಾಮನ ಪರ ಎಂದೇ ಬೆಳೆದ ನಾನು ಅಲ್ಲೇ ನಿಂತು ಅರ್ಧ ಗಂಟೆ ವಾಲಿಯ ಪರವಾದೆ.

“ಯಾರಿದು?” ಅಂದೆ.

“ಎಂತ ಮಾರಾಯ್ರೆ, ಶೇಣಿ ಗೊತ್ತಿಲ್ವಾ ನಿಮ್ಗೆ?”

ತಾಳಮದ್ದಳೆಯ ಹೆಸರಾಂತ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ನನಗೆ ಗೊತ್ತಿರಲಿಲ್ಲ. ನಾನು ತುಮಕೂರು ಕಡೆಯವನು. ನಮ್ಮಲ್ಲಿ ಮಹಾಭಾರತ ಅಂದರೆ ‘ಕುರುಕ್ಷೇತ್ರ’ ನಾಟಕ, ಹಾರ್ಮೋನಿಯಂ ಮೇಷ್ಟ್ರು, ಝಗಝಗಿಸುವ ಸೀನರಿ, ಬೆಳಗಿನ ಜಾವದವರೆಗೆ ಕಂದಪದ್ಯ. ಪಾತ್ರಕ್ಕೆ ದುಡ್ಡು ಕೊಡುವುದು ಕೂಡ ಪಾತ್ರಧಾರಿಯೇ. ನಮ್ಮ ದೊಡ್ಡಪ್ಪ ಎರಡು ಕುರಿ ಮಾರಿ ದುರ್ಯೋಧನ ಆಗಿದ್ದರು. ದೊಡ್ಡಮ್ಮ ಆ ಕುರಿಗಳ ಲೆಕ್ಕವನ್ನು ಅವರು ಸಾಯುವವರೆಗೂ ಕೇಳಿದರು. ಆದರೆ ಆ ಒಂದು ರಾತ್ರಿಯ ಕಿರೀಟದ ಫೋಟೋ ಇವತ್ತಿಗೂ ನಡುಮನೆಯಲ್ಲಿದೆ, ದೇವರ ಪಟದ ಪಕ್ಕ.

ತಾಳಮದ್ದಳೆಯಲ್ಲಿ ಕಿರೀಟವಿಲ್ಲ. ಬಣ್ಣ, ವೇಷ, ಕುಣಿತ ಯಾವುದೂ ಇಲ್ಲ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕರಾವಳಿಯ ಮನೆ ಚಾವಡಿಗಳಲ್ಲಿ ಬೆಳೆದದ್ದು ಇದು ಎಂದು ಕೆಳಮನೆಯವರು ಹೇಳಿದರು. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯಕ್ಕೆ ಅಲ್ಲೇ, ಆಗಲೇ, ಸ್ವಂತ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಪದ್ಯ ಹಾಕಿದ ಬೇಲಿಯೊಳಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಎದುರಿನವನು ಏನು ಕೇಳುತ್ತಾನೆ ಅನ್ನುವುದು ಅವನಿಗೂ ಮೊದಲೇ ಗೊತ್ತಿರುವುದಿಲ್ಲ. ಇದೆಲ್ಲ ತಮ್ಮ ಊರಿನ ಸೊತ್ತು ಎಂಬ ಗತ್ತು ಅವರಿಗೆ. ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನದಲ್ಲೇ ತಾಳಮದ್ದಳೆಯವರಿಗೆ ಭೂಮಿ ಕೊಟ್ಟ ಮಾತಿದೆ ಅಂತ ಆಮೇಲೆ ಎಲ್ಲಿಂದಲೋ ಓದಿಕೊಂಡು ಬಂದೆ. “ನೋಡಿ ಸಾರ್, ಇದು ಬಯಲುಸೀಮೆಯಿಂದ ಬಂದದ್ದು” ಅಂತ ಇವತ್ತಿಗೂ ಕೆಣಕುತ್ತೇನೆ. “ಇರ್ಬಹುದು. ಉಳಿಸಿಕೊಂಡದ್ದು ಯಾರು ಹೇಳಿ?” ಅನ್ನುತ್ತಾರೆ. ಈ ಜಗಳ ತೀರುವಂಥದ್ದಲ್ಲ. ತೀರುವುದು ನಮಗೆ ಬೇಕಾಗಿಯೂ ಇಲ್ಲ.

ತಿಂಗಳಿಗೊಮ್ಮೆ ಸೇರುವ ನಮ್ಮ ಕೂಟದಲ್ಲಿ ಎಂಟು ಜನ. ಭಾಗವತರು ಬ್ಯಾಂಕಿನಲ್ಲಿ ಕ್ಯಾಷಿಯರ್. ಮದ್ದಳೆಗೆ ಒಬ್ಬ ಇಂಜಿನಿಯರಿಂಗ್ ಹುಡುಗ. ಅರ್ಜುನನ ಅರ್ಥ ಹೇಳುವವರು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಮೇಡಂ. ಕೃಷ್ಣ ಯಾವತ್ತೂ ಮಾಷ್ಟ್ರಿಗೇ, ನಿವೃತ್ತ ಹೈಸ್ಕೂಲು ಮಾಷ್ಟ್ರು. ಕರ್ಣ, ರಾವಣ, ವಾಲಿ ಕೆಳಮನೆಯವರ ಪಾಲು. ಕೇಳುಗರು ಇಪ್ಪತ್ತು ಜನ ಬಂದರೆ ಅದರಲ್ಲಿ ಹನ್ನೆರಡು ನೆಂಟರು. ಮೊದಲ ಆರು ತಿಂಗಳು ನಾನು ಜಮಖಾನ ಹಾಸಿದೆ, ಮೈಕಿನ ವಯರು ಸುತ್ತಿಟ್ಟೆ. ಆಮೇಲೆ ದೂತನಾದೆ. “ಅಪ್ಪಣೆ ಮಹಾಪ್ರಭು” ಅಂದು ಮನೆಗೆ ಬಂದ ರಾತ್ರಿ ನಿದ್ದೆ ಬರಲಿಲ್ಲ.

ಶಲ್ಯ ಸಿಕ್ಕಾಗ ಕಲಿತ ಬುದ್ಧಿ ಬಿಡಲಿಲ್ಲ. ನಾಲ್ಕು ಪುಟ ಪಾಯಿಂಟ್ಸ್ ಟೈಪ್ ಮಾಡಿಕೊಂಡೆ. ಮುಖ್ಯವಾದದ್ದಕ್ಕೆ ಹಸಿರು, ಮರೆತುಹೋಗಬಹುದಾದದ್ದಕ್ಕೆ ಹಳದಿ. ಮಾಷ್ಟ್ರು ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕದ ಮೇಲಿಂದ ಒಮ್ಮೆ ನೋಡಿ, ನಾಲ್ಕಾಗಿ ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

“ಪುಸ್ತಕ ಭಾಗವತರಿಗೆ ಇದ್ರೆ ಸಾಕು. ನೀವು ಶಲ್ಯನ ಕಥೆ ಓದಿದ್ದೀರಲ್ಲ? ಅವ ಯಾಕೆ ಬಂದದ್ದು ಹೇಳಿ ಯೋಚನೆ ಮಾಡಿ. ಮಾತು ಅದಾಗಿಯೇ ಬರ್ತದೆ.”

ಯೋಚಿಸಿದಷ್ಟೂ ಈ ಶಲ್ಯ ನನಗೆ ಪರಿಚಯದವನ ಹಾಗೆ ಕಂಡ. ಮದ್ರದೇಶದ ರಾಜ, ನಕುಲ ಸಹದೇವರ ಸೋದರಮಾವ. ಪಾಂಡವರ ಕಡೆ ಸೇರಬೇಕು ಅಂತಲೇ ಸೈನ್ಯ ಕಟ್ಟಿಕೊಂಡು ಹೊರಟವನು. ದಾರಿಯುದ್ದಕ್ಕೂ ವಿಶ್ರಾಂತಿ ಮಂಟಪ, ಊಟ, ಉಪಚಾರ. ಧರ್ಮರಾಯನದೇ ವ್ಯವಸ್ಥೆ ಅಂದುಕೊಂಡು, ಮಾಡಿಸಿದವನಿಗೆ ಏನು ಬೇಕಾದರೂ ಕೊಡುತ್ತೇನೆ ಅಂದುಬಿಟ್ಟ. ಮರೆಯಿಂದ ಬಂದು ನಿಂತವನು ದುರ್ಯೋಧನ. ಆಮೇಲೆ ಹದಿನೇಳನೇ ದಿನ, ಸೂತಪುತ್ರನೆಂದು ತಾನೇ ಹಂಗಿಸುವ ಕರ್ಣನಿಗೆ ಸಾರಥಿ. ಒಪ್ಪುವಾಗ ಒಂದೇ ಷರತ್ತು: ಬಾಯಿಗೆ ಬಂದದ್ದನ್ನು ಆಡುತ್ತೇನೆ, ಕೇಳಿಸಿಕೊಳ್ಳಬೇಕು. ಅಂಥ ಷರತ್ತು ನನ್ನ ಆಫರ್ ಲೆಟರಿನಲ್ಲಿ ಇರಲಿಲ್ಲ. ಮರುದಿನ ಅವನಿಗೆ ಸೇನಾಧಿಪತಿಯಾಗಿ ಬಡ್ತಿ. ಮಧ್ಯಾಹ್ನದ ಹೊತ್ತಿಗೆ ಧರ್ಮರಾಯನ ಕೈಯಲ್ಲಿ ಮರಣ.

ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ಫೈಲು ಕಳಿಸಿ, ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ ಮೇಲೆ ಹೋದೆ.

ಜುಲೈ ಮಳೆ. ತಾರಸಿಯ ಶೀಟಿನ ಮೇಲೆ ಬೀಳುವ ಸದ್ದಿಗೆ ಚೆಂಡೆಯವರು “ನಾನು ಮನೆಗೆ ಹೋಗ್ಬಹುದು” ಅಂತ ನಕ್ಕರು. ಕರ್ಣನ ಪೀಠಿಕೆ ಇಪ್ಪತ್ತು ನಿಮಿಷ ನಡೆಯಿತು. ಸ್ಕೂಟರ್ ತೊಳೆಯುವ ಮನುಷ್ಯ ಎಲ್ಲಿಗೆ ಹೋದರೋ ಗೊತ್ತಿಲ್ಲ. ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದವನು ಅಂಗರಾಜ. ನನ್ನ ಮೊದಲ ಪದ್ಯ ಬಂತು. ಮದ್ದಳೆ ಮುಕ್ತಾಯಕ್ಕೆ ಬರುವ ಮೊದಲೇ ಬಾಯಿ ತೆರೆದೆ. ಭಾಗವತರು ನನ್ನ ಮೊಣಕಾಲನ್ನು ಮೆಲ್ಲಗೆ ಒತ್ತಿದರು. ಬಾಯಿ ಮುಚ್ಚಿ, ಕಾದು, ಮತ್ತೆ ತೆರೆದೆ. ಹಂಸದ ಜೊತೆ ಪಂದ್ಯ ಕಟ್ಟಿ ಸಮುದ್ರಕ್ಕೆ ಬಿದ್ದ ಕಾಗೆಯ ಕಥೆ ಹೇಳಿ ಕರ್ಣನನ್ನು ಹಂಗಿಸಿದೆ. ಅದು ಮನೆಯಲ್ಲಿ ತಯಾರು ಮಾಡಿಕೊಂಡದ್ದು, ಸಲೀಸಾಗಿ ಬಂತು. ಹಿಂದಿನ ಸಾಲಿನಲ್ಲಿ ಯಾರೋ ‘ಅಡ್ಡಿಲ್ಲ’ ಅಂದದ್ದೂ ಕೇಳಿಸಿತು.

ಆಗ ಕರ್ಣ ದನಿ ಇಳಿಸಿದ.

“ಮದ್ರೇಶ, ನಿನ್ನ ಅಳಿಯಂದಿರು ಆ ಪಾಳಯದಲ್ಲಿ. ನಿನ್ನ ಮನಸ್ಸೂ ಅಲ್ಲಿಯೇ. ಮಾತೂ ಅತ್ತಲೇ ವಾಲುತ್ತದೆ. ಕೈಯಲ್ಲಿ ಮಾತ್ರ ನನ್ನ ಕುದುರೆಗಳ ವಾಘೆ. ಈ ಕೆಲಸ ನಿನಗೆ ರುಚಿಸದೆ ಇದ್ದ ಮೇಲೆ ಬಂದದ್ದೇಕೆ?”

ಇದು ಪದ್ಯದಲ್ಲಿ ಇರಲಿಲ್ಲ. ನನ್ನ ನಾಲ್ಕು ಪುಟದಲ್ಲೂ ಇರಲಿಲ್ಲ. ಶ್ರುತಿಪೆಟ್ಟಿಗೆಯ ಗುಂಯ್ ಎನ್ನುವ ನಾದ ಮಾತ್ರ ಉಳಿಯಿತು. ಭಾಗವತರ ಕೋಲು ಜಾಗಟೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಕಾಯುತ್ತಿತ್ತು. ಬೇಕಿದ್ದರೆ ಅವರು ಮುಂದಿನ ಪದ್ಯ ಎತ್ತಿ ನನ್ನನ್ನು ಉಳಿಸಬಹುದಿತ್ತು. ಅವರು ಎತ್ತಲಿಲ್ಲ. ಮಾಷ್ಟ್ರ ಕಡೆ ನೋಡಿದೆ. ಅವರು ಮಳೆ ನೋಡುತ್ತಿದ್ದರು.

“ದಾರಿಯಲ್ಲಿ ನೆರಳಿತ್ತು, ಕರ್ಣ” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ನೀರಿತ್ತು. ಎಲೆ ಹಾಕಿ ಕರೆದರು. ಬಹಳ ದೂರದಿಂದ ಬಂದಿದ್ದೆ, ಹಸಿವಾಗಿತ್ತು. ಯಾರ ಮನೆಯ ಅನ್ನ ಎಂದು ಉಣ್ಣುವ ಮೊದಲು ಕೇಳಬೇಕಿತ್ತು. ಉಂಡು, ಕೈ ತೊಳೆದ ಮೇಲೆ ಕೇಳಿದೆ.”

“ಉಂಡದ್ದು ಒಂದು ಹೊತ್ತು. ಋಣ ಎಷ್ಟು ದಿನದ್ದು?”

“ಆಕ್ಚುಲಿ...” ಅಂದುಬಿಟ್ಟೆ.

ಕುರುಕ್ಷೇತ್ರದ ಹದಿನೇಳನೇ ದಿನ, ಎರಡು ಸೇನೆಗಳ ನಡುವೆ, ಮದ್ರದೇಶದ ಅರಸನ ಬಾಯಲ್ಲಿ ಆಕ್ಚುಲಿ. ಅರ್ಜುನ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನೆಂಟರೂ ನೆಂಟರಲ್ಲದವರೂ ಒಟ್ಟಿಗೇ ನಕ್ಕರು. ನಗು ಇಳಿಯುವಷ್ಟರಲ್ಲಿ ನನಗೆ ಉಸಿರು ಸಿಕ್ಕಿತ್ತು. “ಆ ಲೆಕ್ಕ ಬಡಿಸಿದವನು ಮುಗಿಯಿತೆಂದರೆ ಮುಗಿಯಿತು, ಕರ್ಣ. ಉಂಡವನು ಎಣಿಸಲು ಕೂತರೆ ಮುಗಿಯುವುದಿಲ್ಲ. ನಿನಗಿದು ತಿಳಿಯದ್ದೇನಲ್ಲ.”

ಕರ್ಣ ತಕ್ಷಣ ಮಾತಾಡಲಿಲ್ಲ. ಎರಡು ತ್ರೈಮಾಸಿಕ ಟಾರ್ಗೆಟ್ ಮುಟ್ಟದೆ, ದಿನಕ್ಕೆ ಹತ್ತು ಡಾಕ್ಟರುಗಳ ಬಾಗಿಲಲ್ಲಿ ಚೀಲ ಹಿಡಿದು ಕಾಯುವ ಮನುಷ್ಯ ಅದು ಅಂತ ಅಲ್ಲಿದ್ದವರಲ್ಲಿ ನನಗೊಬ್ಬನಿಗೆ ಗೊತ್ತಿತ್ತು.

“ತಿಳಿದಿದೆ, ಮದ್ರೇಶ” ಅಂದರು ಕೊನೆಗೆ. “ಕಿರೀಟದ ತೂಕವನ್ನೂ ಅದರಲ್ಲೇ ಸೇರಿಸಿ ಎಣಿಸುತ್ತಾ ಬಂದಿದ್ದೇನೆ.”

ಜಾಗಟೆ ಬಿತ್ತು. ಮುಂದಿನ ಪದ್ಯ.

ಆಮೇಲಿನದು ಬೇಗ ಮುಗಿಯಿತು. ಕರ್ಣ ಸರ್ಪಾಸ್ತ್ರ ತೊಟ್ಟ. ಕೊರಳಿಗೆ ಬೇಡ, ಎದೆಗೆ ಗುರಿಯಿಡು ಎಂದೆ. ತೊಟ್ಟದ್ದನ್ನು ಬದಲಿಸೆನೆಂದ. ಕೃಷ್ಣ ರಥ ಅದುಮಿದ, ಅರ್ಜುನನ ಕಿರೀಟ ಮಾತ್ರ ಹೋಯಿತು. ಮಾತು ಕೇಳದವನ ಸಾರಥ್ಯ ಸಾಕೆಂದು ಶಲ್ಯ ರಥ ಇಳಿಯುವ ಘಟ್ಟ ಬಂತು. ಈ ಘಟ್ಟಕ್ಕಾಗಿ ನಾನು ವಾರಗಟ್ಟಲೆ ಸ್ನಾನದ ಮನೆಯಲ್ಲಿ ಗರ್ಜಿಸಿದ್ದೆ. ಹೆಂಡತಿ ಮೂರನೇ ಸಾಲಿನಲ್ಲಿ ನಗಲು ಸಿದ್ಧಳಾಗಿ ಕೂತಿದ್ದಳು. ಒಂಬತ್ತು ವರ್ಷದ ರಾಜೀನಾಮೆ ಪತ್ರವನ್ನು ಒಂದೇ ಉಸಿರಿಗೆ ಓದಿಬಿಡುತ್ತೇನೆ ಅಂತ ಅವಳಿಗೆ ಹೇಳಿದ್ದೆ. ಸಮಯಕ್ಕೆ ಆ ಗರ್ಜನೆ ಬರಲಿಲ್ಲ. ಎದುರಿಗಿದ್ದ ಮುಖ ನೋಡಿ “ವಾಘೆ ತೆಗೆದುಕೋ, ಕರ್ಣ” ಅಂದೆ. ಅಷ್ಟೇ ಬಂತು.

ನಮ್ಮ ಕೂಟದಲ್ಲಿ ಪಾತ್ರ ಮುಗಿದರೂ ಎದ್ದು ಹೋಗುವಂತಿಲ್ಲ. ಕೂತು ನೋಡಬೇಕು. ರಥದ ಗಾಲಿ ನೆಲಕ್ಕೆ ಇಳಿಯಿತು. ಸಾರಥಿಯಿಲ್ಲದ ರಥದಿಂದ ಕರ್ಣ ತಾನೇ ಇಳಿದು ಗಾಲಿಗೆ ಹೆಗಲು ಕೊಟ್ಟ. ಒಂದು ತೋಳಿನಷ್ಟು ದೂರದಲ್ಲಿ ನಾನು ಸುಮ್ಮನೆ ಕೂತಿದ್ದೆ. ಕೈ ಚಾಚಿದರೆ ಮುಟ್ಟಬಹುದಿತ್ತು. ಇಳಿದದ್ದು ತಪ್ಪಾಯಿತೇ ಅನ್ನಿಸಿ, ಭಾಗವತರು ಮಂಗಳ ಹಾಡುವಾಗಲೂ ಆ ಕಸಿವಿಸಿ ಹೋಗಿರಲಿಲ್ಲ.

ಗೋಳಿಬಜೆ, ಕಷಾಯ ಬಂದ ಮೇಲೆ ಹೋಯಿತು. ಮಾಷ್ಟ್ರು ನನ್ನ ನಾಲ್ಕು ಪುಟ ವಾಪಸ್ ಕೊಟ್ಟರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ತಪ್ಪುಗಳ ಪಟ್ಟಿ. ಇಪ್ಪತ್ತಮೂರು. ಆಕ್ಚುಲಿಗೆ ಅಡಿಗೆರೆ. ಬಹುವಚನ, ಏಕವಚನ ಎಲ್ಲೆಲ್ಲಿ ಕಲಸಿದ್ದೆ, ‘ಪರಾಕ್ರಮ’ವನ್ನು ಎಷ್ಟು ಸಲ ಬಳಸಿದ್ದೆ, ಎಲ್ಲ ಇತ್ತು. ನಾನು ಆಡಿದ ಒಂದೊಂದು ಮಾತನ್ನೂ ಯಾರೋ ಕೂತು ಕೇಳಿಸಿಕೊಂಡಿದ್ದರು. ಆ ಕಾಗದ ಈಗಲೂ ನನ್ನ ಪರ್ಸಿನಲ್ಲಿದೆ.

“ಮುಂದಿನ ತಿಂಗಳು ಶರಸೇತು ಪ್ರಸಂಗ. ವೃದ್ಧ ವಿಪ್ರ ನೀವು ಮಾಡಿ” ಅಂದರು ಭಾಗವತರು, ಬಜೆ ಅಗಿಯುತ್ತಲೇ.

ರಾತ್ರಿ ಕೆಳಮನೆಯವರ ಸ್ಕೂಟರಿನಲ್ಲೇ ವಾಪಸ್. ಹೆಂಡತಿ ಮೇಡಂ ಕಾರಿನಲ್ಲಿ ಹೋಗಿದ್ದಳು. ಹನಿ ಮಳೆ. ಹಿಂದೆ ಕೂತ ನನ್ನ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಚೀಲಕ್ಕೊಂದು ಪ್ಲಾಸ್ಟಿಕ್ ಕವರು. ಸಿಗ್ನಲ್ಲಿನಲ್ಲಿ ನಿಂತಾಗ ಅವರು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಅರ್ಧ ತಿರುಗಿದರು.

“ಆ ಊಟದ ವಿಷಯ ಪ್ರಸಂಗದಲ್ಲಿ ಇಲ್ಲ ಮಾರಾಯ್ರೆ. ಎಲ್ಲಿಂದ ತೆಗ್ದದ್ದು ನೀವು?”

“ಉದ್ಯೋಗಪರ್ವದಿಂದ” ಅಂದೆ.

ಎರಡು ಕ್ಷಣ ಬೇಕಾಯಿತು ಅವರಿಗೆ. ಆಮೇಲೆ ಶುರುವಾದ ನಗುವಿಗೆ ಸ್ಕೂಟರೇ ಅಲ್ಲಾಡಿತು. ಸಿಗ್ನಲ್ ಹಸಿರಾಗಿ, ಹಿಂದಿನ ಆಟೋದವನು ಹಾರ್ನ್ ಒತ್ತಿ ಒತ್ತಿ ಬೈದು ಮುಂದೆ ಹೋದರೂ ನಾವು ಅಲ್ಲೇ ಇದ್ದೆವು.